ಸರಕು ರೈಲು ಮಾರ್ಗದ ಸುರಕ್ಷತೆ: ಬಂಡವಾಳವನ್ನು ಯಾವ ಕ್ರಮದಲ್ಲಿ ಹೂಡಬೇಕು

ಪ್ರಯಾಣಿಕರ ರೈಲು ಹಳಿ ತಪ್ಪಿದರೆ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿಯಾಗುತ್ತದೆ. ಗೂಡ್ಸ್ ರೈಲು ಹಳಿ ತಪ್ಪಿದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಆದರೆ ನಮ್ಮ ದೇಶದಲ್ಲಿ ಈ ಎರಡೂ ಬಗೆಯ ರೈಲುಗಳು ಬಹುಪಾಲು ಒಂದೇ ಹಳಿಯ ಮೇಲೆ ಓಡುತ್ತವೆ. ಅದಿರು ತುಂಬಿದ ವ್ಯಾಗನ್ ಜಜ್ಜಿದ ಹಳಿಯ ಮೇಲೆಯೇ ಅರ್ಧ ಗಂಟೆಯ ನಂತರ ಎಕ್ಸ್‌ಪ್ರೆಸ್ ರೈಲು ಬರುತ್ತದೆ. ಆದ್ದರಿಂದ ಸರಕು ಸಾಗಣೆಯ ಸುರಕ್ಷತೆಗೆ ಮಾಡುವ ಖರ್ಚನ್ನು ಸರಕಿನ ಲಾಭನಷ್ಟದ ಖಾತೆಯಲ್ಲಿ ಮಾತ್ರ ಬರೆಯುವುದು ತಪ್ಪು ಲೆಕ್ಕವಾಗುತ್ತದೆ.

ಈ ಬರಹ ಮುಖ್ಯವಾಗಿ ಮೂವರಿಗಾಗಿ: ಸರಕು ದಟ್ಟಣೆಯ ಮಾರ್ಗಕ್ಕೆ ಸುರಕ್ಷತಾ ಕಾಮಗಾರಿಯ ಪ್ರಸ್ತಾವ ಬರೆಯುವ ಎಂಜಿನಿಯರ್, ಆ ಪ್ರಸ್ತಾವಕ್ಕೆ ಹಣ ಮಂಜೂರು ಮಾಡಬೇಕಾದ ಅಧಿಕಾರಿ, ಮತ್ತು ಕಾರ್ಖಾನೆ ಅಥವಾ ಗಣಿಯ ಖಾಸಗಿ ಸೈಡಿಂಗ್ (ಸರಕು ತುಂಬಿಸಿ ಇಳಿಸುವ ಪಕ್ಕದ ಹಳಿ) ನೋಡಿಕೊಳ್ಳುವ ವ್ಯವಸ್ಥಾಪಕ. ಮೂವರಿಗೂ ಹೇಳಬೇಕಾದ ಮಾತು ಒಂದೇ. ಯಾವ ಉಪಕರಣವನ್ನೇ ಕೊಳ್ಳಿ, ಅದು ಎಚ್ಚರಿಕೆ ಕೊಟ್ಟಾಗ ರೈಲನ್ನು ಯಾರು, ಎಲ್ಲಿ, ಎಷ್ಟು ಹೊತ್ತಿನೊಳಗೆ ನಿಲ್ಲಿಸಬೇಕು ಎಂಬುದನ್ನು ಖರೀದಿ ಆದೇಶಕ್ಕಿಂತ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಇದನ್ನು ಬರೆಯದೆ ಕೊಂಡ ಯಂತ್ರ ಅಪಘಾತದ ನಂತರ ವಿಚಾರಣಾ ಸಮಿತಿಗೆ ಅಂಕಿಅಂಶ ಒದಗಿಸುವುದಕ್ಕಷ್ಟೇ ಬಳಕೆಯಾಗುತ್ತದೆ.

ಕಾರಣಗಳ ಪಟ್ಟಿ ಕೈಗೆ ಬಂದ ಮೇಲೆ ಬೆಲೆಪಟ್ಟಿ

ಪ್ರಸ್ತಾವ ಬರೆಯಲು ಕುಳಿತವರು ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿ ಏನು ಸಿಗುತ್ತದೆ ಎಂಬಲ್ಲಿಂದ ಆರಂಭಿಸುತ್ತಾರೆ. ಆರಂಭವಾಗಬೇಕಾದದ್ದು ನಿಮ್ಮ ಮಾರ್ಗದಲ್ಲಿ ಈವರೆಗೆ ಏನಾಗಿದೆ ಎಂಬಲ್ಲಿಂದ. ಭಾರತದ ಮಹಾಲೇಖಪಾಲರು (ಸಿಎಜಿ) 2022ರಲ್ಲಿ ಸಂಸತ್ತಿಗೆ ಸಲ್ಲಿಸಿದ, ಹಳಿ ತಪ್ಪುವಿಕೆಯ ಕುರಿತ ವರದಿ ಇದಕ್ಕೆ ಒಳ್ಳೆಯ ಮಾದರಿ. 2017ರಿಂದ 2021ರವರೆಗಿನ ಹಳಿ ತಪ್ಪಿದ ಪ್ರಕರಣಗಳ 1129 ವಿಚಾರಣಾ ವರದಿಗಳನ್ನು ಅದು ಪರಿಶೀಲಿಸಿತು. ಅವುಗಳಲ್ಲಿ 422 ಪ್ರಕರಣಗಳಿಗೆ ಎಂಜಿನಿಯರಿಂಗ್ ವಿಭಾಗ, ಎಂದರೆ ಹಳಿ ನೋಡಿಕೊಳ್ಳುವ ವಿಭಾಗ, ಹೊಣೆಯಾಗಿತ್ತು. ಅದರಲ್ಲೂ 171 ಪ್ರಕರಣಗಳು ನೇರವಾಗಿ ಹಳಿಯ ನಿರ್ವಹಣೆಗೆ ಸಂಬಂಧಿಸಿದ್ದವು. ಸಂಚಾರ ವಿಭಾಗದ ಪಾಲಿಗೆ 275 ಬಂದವು, ಅವುಗಳಲ್ಲಿ ಬಹುಪಾಲು ಪಾಯಿಂಟ್‌ಗಳನ್ನು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ತಪ್ಪಾಗಿ ಹೊಂದಿಸಿದ್ದು ಮತ್ತು ಶಂಟಿಂಗ್ (ಯಾರ್ಡ್‌ನಲ್ಲಿ ವ್ಯಾಗನ್‌ಗಳನ್ನು ಜೋಡಿಸಿ ಬಿಡಿಸುವ) ಕೆಲಸದ ಇತರ ತಪ್ಪುಗಳು. ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದವು 182. ಚಾಲನೆಯ ದೋಷ ಮತ್ತು ಅತಿವೇಗದ ಪ್ರಕರಣಗಳು 154.

ಈ ಅಂಕಿಗಳನ್ನು ಓದಿದ ಮೇಲೆ, ಲೋಕೋ ಪೈಲಟ್‌ನ ಕಣ್ಣಿಗೆ ಕ್ಯಾಮೆರಾ ಹಿಡಿಯುವ ಯೋಜನೆಗೆ ಮೊದಲ ಕಂತು ಕೊಡಬೇಕೇ, ಹಳಿ ಮತ್ತು ಯಾರ್ಡ್‌ಗೆ ಕೊಡಬೇಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಲ್ಲ. ಆದರೆ ರಾಷ್ಟ್ರಮಟ್ಟದ ಅಂಕಿಯನ್ನು ನಿಮ್ಮ ಮಾರ್ಗಕ್ಕೆ ಹಾಗೆಯೇ ಅಂಟಿಸಬಾರದು. ಕಳೆದ ಹತ್ತು ವರ್ಷಗಳ ದಾಖಲೆ ತೆಗೆದು, ದೊಡ್ಡ ಅಪಘಾತಗಳ ಜೊತೆಗೆ ಯಾರ್ಡ್‌ನೊಳಗೆ ಒಂದೆರಡು ಗಾಲಿ ಹಳಿಯಿಂದ ಇಳಿದದ್ದು, ಹಳಿ ಬಿರುಕು, ವೆಲ್ಡ್ ಮುರಿತ, ರೈಲು ನಡುವೆ ತುಂಡಾದದ್ದು, ಹಾಟ್ ಆಕ್ಸಲ್ (ಅಚ್ಚಿನ ಬೇರಿಂಗ್ ಅತಿಯಾಗಿ ಕಾದದ್ದು) ಎಂದು ವ್ಯಾಗನ್ ಬಿಡಿಸಿದ್ದು, ಕೆಂಪು ಸಿಗ್ನಲ್ ದಾಟಿದ್ದು, ಇವೆಲ್ಲವನ್ನೂ ಕಿಲೋಮೀಟರ್ ಸಂಖ್ಯೆಯ ಪಕ್ಕದಲ್ಲಿ ಗುರುತಿಸಬೇಕು. ಹೀಗೆ ಗುರುತಿಸಿದಾಗ ಮಾರ್ಗದ ಉದ್ದಕ್ಕೂ ಸಮನಾಗಿ ಹರಡಿದ ಚಿತ್ರ ಸಿಗುವುದು ಅಪರೂಪ. ಕೆಲವೇ ತಿರುವುಗಳು, ಕೆಲವೇ ಸೇತುವೆಗಳ ಇಕ್ಕೆಲಗಳು, ಒಂದೆರಡು ಹಳೆಯ ಯಾರ್ಡ್‌ಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೊದಲ ವರ್ಷದ ಹಣ ಅಲ್ಲಿಗೇ ಹೋಗಬೇಕು.

ಸುರಕ್ಷತೆಯ ಹೆಸರಿನಲ್ಲಿ ಬಂದ ಹಣವನ್ನು ಕಾಯ್ದುಕೊಳ್ಳುವುದೂ ಈ ಹಂತದ ಕೆಲಸವೇ. ಅನಿಲ್ ಕಾಕೋಡ್ಕರ್ ನೇತೃತ್ವದ ಉನ್ನತ ಮಟ್ಟದ ಸಮಿತಿ 2012ರಲ್ಲಿ, ಐದು ವರ್ಷಗಳಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿಯನ್ನು ರೈಲ್ವೆ ಸುರಕ್ಷತೆಗೆ ಹೂಡಬೇಕೆಂದು ಹೇಳಿತು. 2017–18ರಲ್ಲಿ ಅಷ್ಟೇ ಮೊತ್ತದ ಗುರಿಯೊಂದಿಗೆ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಆರಂಭವಾಯಿತು. ಆ ಕೋಶದ ಹಣದಲ್ಲಿ ಕಾಲು ಒತ್ತುವ ಯಂತ್ರ, ಪಿಂಗಾಣಿ ಪಾತ್ರೆ ಮತ್ತು ಪೀಠೋಪಕರಣಗಳನ್ನೂ ಕೊಂಡಿದ್ದಾರೆಂದು ಅದೇ ಸಿಎಜಿ ವರದಿ ದಾಖಲಿಸಿದೆ. ನಗು ತರಿಸುವ ವಿವರ ಎನಿಸಬಹುದು. ಆದರೆ ಪ್ರತಿ ಖರ್ಚಿನ ಪಕ್ಕದಲ್ಲಿ ‘ಇದು ಯಾವ ಕಿಲೋಮೀಟರಿನ ಯಾವ ಅಪಾಯವನ್ನು ತಗ್ಗಿಸುತ್ತದೆ’ ಎಂಬ ಒಂದು ಅಂಕಣ ಕಡ್ಡಾಯವಾಗಿದ್ದರೆ ಇಂತಹ ಬಿಲ್ಲು ಮಂಜೂರಾಗುವುದು ಕಷ್ಟವಾಗುತ್ತಿತ್ತು. ನಿಮ್ಮ ಪ್ರಸ್ತಾವದಲ್ಲಿ ಆ ಅಂಕಣವನ್ನು ಸೇರಿಸಿಕೊಳ್ಳಿ.

ಹಳಿ: ಖರ್ಚು ಹೆಚ್ಚು, ಸದ್ದು ಕಡಿಮೆ

ವ್ಯಾಗನ್ನಿನ ಒಂದು ಅಚ್ಚಿನ ಮೇಲೆ ಬೀಳುವ ಭಾರವನ್ನು ರೈಲ್ವೆಯವರು ಆಕ್ಸಲ್ ಲೋಡ್ ಎನ್ನುತ್ತಾರೆ. ನಮ್ಮಲ್ಲಿ ಹಳೆಯ ಬಾಕ್ಸ್‌ಎನ್ ವ್ಯಾಗನ್‌ಗಳಿಗೆ ಇದು ಸುಮಾರು 20.3 ಟನ್ ಇತ್ತು, ನಂತರ 22.9 ಟನ್‌ಗೆ ಏರಿತು. ಸರಕಿಗೆಂದೇ ಕಟ್ಟಿದ ಹೊಸ ಕಾರಿಡಾರ್‌ಗಳಲ್ಲಿ 25 ಟನ್ ಇದೆ. ಅಂಕಿ ಸಣ್ಣದಾಗಿ ಏರಿದಂತೆ ಕಂಡರೂ ಹಳಿಯ ದಣಿವು ಅದಕ್ಕಿಂತ ಬೇಗ ಏರುತ್ತದೆ, ಅದರಲ್ಲೂ ವೆಲ್ಡ್‌ಗಳಲ್ಲಿ ಮತ್ತು ಪಾಯಿಂಟ್‌ಗಳಲ್ಲಿ. ಆದ್ದರಿಂದ ಹೊರೆಯ ಮಿತಿಯನ್ನು ಏರಿಸುವ ಯಾವುದೇ ಆದೇಶದ ಜೊತೆಯಲ್ಲೇ ಹಳಿ ಬದಲಾವಣೆಯ ಮಂಜೂರಾತಿಯೂ ಬರಬೇಕು. ಹೊರೆ ಇಂದು, ಹಳಿ ಮುಂದಿನ ಬಜೆಟ್‌ನಲ್ಲಿ ಎಂಬ ಕ್ರಮಕ್ಕೆ ಒಪ್ಪಬಾರದು.

ಏನನ್ನು ಮೊದಲು ಬದಲಿಸಬೇಕು ಎಂದು ಕೇಳಿದರೆ, ನನ್ನ ಉತ್ತರ ವೆಲ್ಡ್ ಮತ್ತು ಪಾಯಿಂಟ್. ಮೀಟರಿಗೆ 60 ಕಿಲೋ ತೂಗುವ ಹೊಸ ಹಳಿಯನ್ನು ಹಾಕುವಾಗ ಭಿಲಾಯಿ ಉಕ್ಕಿನ ಕಾರ್ಖಾನೆಯಿಂದ ಬರುವ 260 ಮೀಟರ್ ಉದ್ದದ ಪ್ಯಾನೆಲ್‌ಗಳನ್ನು ಬಳಸಿದರೆ ಸ್ಥಳದಲ್ಲೇ ಮಾಡಬೇಕಾದ ವೆಲ್ಡ್‌ಗಳ ಸಂಖ್ಯೆ ಗಣನೀಯವಾಗಿ ಕಡಿಮೆಯಾಗುತ್ತದೆ. ಮಳೆಗಾಳಿಯಲ್ಲಿ, ಮುಂದಿನ ರೈಲು ಬರುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ, ಮೂಸೆಯಲ್ಲಿ ಲೋಹ ಕರಗಿಸಿ ಹಾಕುವ ವೆಲ್ಡ್‌ಗಿಂತ ಕಾರ್ಖಾನೆಯೊಳಗೆ ಯಂತ್ರ ಮಾಡಿದ ವೆಲ್ಡ್ ಹೆಚ್ಚು ನಂಬಲರ್ಹ. ಉಳಿದ ವೆಲ್ಡ್‌ಗಳಿಗೆ ಶ್ರವಣಾತೀತ ತರಂಗಗಳ ಪರೀಕ್ಷೆ ನಡೆಯಬೇಕು, ಮತ್ತು ಅದರ ಅವಧಿಯನ್ನು ತಿಂಗಳ ಲೆಕ್ಕಕ್ಕಿಂತ ಆ ಹಳಿಯ ಮೇಲೆ ಸಾಗಿದ ಒಟ್ಟು ಟನ್‌ಗಳ ಲೆಕ್ಕದಲ್ಲಿ ನಿಗದಿಪಡಿಸಬೇಕು. ಅದಿರಿನ ಹಂಗಾಮಿನಲ್ಲಿ ಎರಡು ಪಟ್ಟು ದಟ್ಟಣೆ ಕಂಡ ಹಳಿಗೂ ಖಾಲಿ ಬಿದ್ದಿದ್ದ ಹಳಿಗೂ ಒಂದೇ ದಿನಾಂಕ ಇಡುವುದರಲ್ಲಿ ಅರ್ಥವಿಲ್ಲ.

ಜಲ್ಲಿ ಮತ್ತು ನೀರಿನ ಹರಿವು ಇದರ ನಂತರದ ವಿಷಯ. ಅದಿರಿನ ಪುಡಿ, ಕಲ್ಲಿದ್ದಲಿನ ಹುಡಿ ವ್ಯಾಗನ್‌ಗಳಿಂದ ಉದುರಿ ಜಲ್ಲಿಯ ಸಂದುಗಳನ್ನು ತುಂಬುತ್ತದೆ. ಮಳೆ ಬಂದಾಗ ನೀರು ಇಳಿಯದೆ ಸ್ಲೀಪರ್‌ಗಳ (ಹಳಿಯನ್ನು ಹೊತ್ತ ಅಡ್ಡದಿಮ್ಮಿಗಳ) ಅಡಿಯಲ್ಲಿ ಕೆಸರಾಗುತ್ತದೆ. ಮೇಲಿನ ಹಳಿ ಎಷ್ಟೇ ಹೊಸದಾದರೂ ಅಡಿಪಾಯ ಒಂದು ಕಡೆ ಕುಸಿದರೆ ಎರಡು ಹಳಿಗಳ ಮಟ್ಟದಲ್ಲಿ ತಿರುಚು ಬರುತ್ತದೆ, ಖಾಲಿ ವ್ಯಾಗನ್ನಿನ ಹಗುರವಾದ ಗಾಲಿ ಅಲ್ಲಿ ಹಳಿಯ ಮೇಲೇರಿಬಿಡುತ್ತದೆ. ತುಂಬಿದ ರೈಲು ದಾಟಿಹೋದ ಜಾಗದಲ್ಲೇ ಖಾಲಿ ರೈಲು ಹಳಿ ತಪ್ಪುವುದು ಅನೇಕರಿಗೆ ಒಗಟಾಗಿ ಕಾಣುವುದು ಇದೇ ಕಾರಣಕ್ಕೆ.

ಯಂತ್ರಗಳಿದ್ದರೂ ಹಳಿಯ ಮೇಲೆ ಕೆಲಸ ಮಾಡಲು ಸಮಯ ಸಿಗದಿರುವುದು ಇನ್ನೊಂದು ತೊಂದರೆ. ಸಂಚಾರ ವಿಭಾಗ ಹಳಿಯನ್ನು ಬಿಟ್ಟುಕೊಡದ ಕಾರಣ ಹಳಿ ನಿರ್ವಹಣಾ ಯಂತ್ರಗಳು ಸುಮ್ಮನೆ ನಿಂತಿದ್ದುದನ್ನೂ ಸಿಎಜಿ ಗುರುತಿಸಿದೆ. ಹೀಗಾಗಿ ಜೋಡಿ ಮಾರ್ಗ ಅಥವಾ ಮೂರನೆಯ ಮಾರ್ಗದ ಕಾಮಗಾರಿಯನ್ನು ಸಾಮರ್ಥ್ಯ ವೃದ್ಧಿ ಎಂಬ ಶೀರ್ಷಿಕೆಯಡಿ ಮಾತ್ರ ಸಮರ್ಥಿಸುವುದು ಅರ್ಧ ವಾದ. ಅದು ದಿನಕ್ಕೆ ಎರಡು ಮೂರು ಗಂಟೆಗಳ ದುರಸ್ತಿ ಸಮಯವನ್ನು ಕೊಡುತ್ತದೆ ಎಂಬುದನ್ನು ಪ್ರಸ್ತಾವದಲ್ಲಿ ಬರೆಯಬೇಕು, ಮತ್ತು ಹೊಸ ಮಾರ್ಗ ಬಂದ ಮೇಲೆ ಆ ಗಂಟೆಗಳನ್ನು ಹೆಚ್ಚುವರಿ ರೈಲುಗಳಿಗೆ ಮಾರಿಕೊಳ್ಳುವುದಿಲ್ಲವೆಂಬ ಬದ್ಧತೆಯನ್ನೂ ಪಡೆಯಬೇಕು. ಲೂಧಿಯಾನಾದಿಂದ ಸೋನ್‌ನಗರದವರೆಗಿನ 1337 ಕಿ.ಮೀ. ಪೂರ್ವ ಕಾರಿಡಾರ್ ಮತ್ತು ದಾದ್ರಿಯಿಂದ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನವರೆಗಿನ 1506 ಕಿ.ಮೀ. ಪಶ್ಚಿಮ ಕಾರಿಡಾರ್ ಸರಕಿಗೆಂದೇ ಪ್ರತ್ಯೇಕ ಹಳಿ ಕೊಟ್ಟಿವೆ. ಲೆವೆಲ್ ಕ್ರಾಸಿಂಗ್‌ಗಳೇ ಇಲ್ಲದಂತೆ ಅವನ್ನು ವಿನ್ಯಾಸಗೊಳಿಸಲಾಗಿದೆ. ಸುರಕ್ಷತೆಯ ದೃಷ್ಟಿಯಿಂದ ಅವುಗಳ ಗಳಿಕೆಯಲ್ಲಿ ಅರ್ಧ ಭಾಗ, ನನ್ನ ಅಂದಾಜಿನಲ್ಲಿ, ಪಕ್ಕದ ಹಳೆಯ ಮಾರ್ಗಕ್ಕೆ ಸಿಕ್ಕ ಬಿಡುವು.

ತಂತ್ರಜ್ಞಾನ ಬದಲಾಯಿಸುವಾಗ ಕಳೆದುಕೊಳ್ಳುವುದು ಏನು ಎಂಬುದನ್ನೂ ಕೇಳಿಕೊಳ್ಳಬೇಕು. ರೈಲು ಇದೆಯೇ ಎಂದು ತಿಳಿಯಲು ಹಳಿಯಲ್ಲೇ ವಿದ್ಯುತ್ ಹರಿಸುವ ಟ್ರ್ಯಾಕ್ ಸರ್ಕ್ಯೂಟ್ ಇರುವಲ್ಲಿ ಹಳಿ ಪೂರ್ತಿ ಮುರಿದರೆ ಮಂಡಲ ಕಡಿದು ಸಿಗ್ನಲ್ ಕೆಂಪಾಗುವ ಸಾಧ್ಯತೆ ಹೆಚ್ಚು. ಗಾಲಿಗಳನ್ನು ಎಣಿಸುವ ಆಕ್ಸಲ್ ಕೌಂಟರ್ ನೀರು ನಿಲ್ಲುವ ಜಾಗದಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ, ನಿರ್ವಹಣೆಯೂ ಸುಲಭ; ಆದರೆ ಹಳಿ ಮುರಿದದ್ದು ಅದಕ್ಕೆ ತಿಳಿಯುವುದಿಲ್ಲ. ಮೊದಲಿನದನ್ನು ತೆಗೆದು ಎರಡನೆಯದನ್ನು ಹಾಕಿದ ಮಾರ್ಗದಲ್ಲಿ ಚಳಿಗಾಲದ ನಸುಕಿನ ಗಸ್ತನ್ನು ಕಡಿಮೆ ಮಾಡುವುದರ ಬದಲು ಹೆಚ್ಚಿಸಬೇಕಾಗುತ್ತದೆ. ಚಳಿಯಲ್ಲಿ ಕುಗ್ಗುವ ಹಳಿ ಬಿರುಕು ಬಿಡುವುದು ಆ ಹೊತ್ತಿನಲ್ಲೇ. ಸುತ್ತಿಗೆ ಹಿಡಿದು ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುವ ಕೀಮನ್ ಹುದ್ದೆಯನ್ನು ಉಳಿತಾಯದ ಪಟ್ಟಿಗೆ ಸೇರಿಸುವ ಮುನ್ನ ಇದನ್ನು ನೆನಪಿಡಬೇಕು.

ಬಿಸಿಯಾದ ಬೇರಿಂಗ್ ಕಲಿಸಿದ್ದು

ಹಳಿಯ ಪಕ್ಕದಲ್ಲಿ ನಿಂತು ಓಡುವ ರೈಲನ್ನು ಗಮನಿಸುವ ಉಪಕರಣಗಳಲ್ಲಿ ಮುಖ್ಯವಾದವು ಮೂರು. ಅತಿಗೆಂಪು ಕಿರಣಗಳಿಂದ ಬೇರಿಂಗಿನ ಶಾಖವನ್ನು ಅಳೆಯುವ ಹಾಟ್ ಆಕ್ಸಲ್ ಬಾಕ್ಸ್ ಡಿಟೆಕ್ಟರ್ ಒಂದು. ಗಾಲಿಯ ಏಟನ್ನು ಅಳೆದು ಚಪ್ಪಟೆಯಾದ ಗಾಲಿಯನ್ನು ಪತ್ತೆ ಮಾಡುವ ವೀಲ್ ಇಂಪ್ಯಾಕ್ಟ್ ಲೋಡ್ ಡಿಟೆಕ್ಟರ್ ಎರಡನೆಯದು. ಬೇರಿಂಗಿನ ಸದ್ದಿನಿಂದಲೇ ಅದರೊಳಗಿನ ಸವೆತವನ್ನು ಗುರುತಿಸುವ ಧ್ವನಿ ಆಧಾರಿತ ವ್ಯವಸ್ಥೆ ಮೂರನೆಯದು. ಸದ್ದು ವಾರಗಳ ಮೊದಲೇ ಎಚ್ಚರಿಸಬಲ್ಲದು, ಏಟು ಹಳಿ ಮುರಿಯುವ ಮೊದಲು ತಿಳಿಸುತ್ತದೆ, ಶಾಖ ಕೊನೆಯ ಗಳಿಗೆಯಲ್ಲಿ ಕೂಗುತ್ತದೆ. ಹಣ ಕಡಿಮೆಯಿದ್ದಾಗ ಎಲ್ಲರೂ ಶಾಖದ ಯಂತ್ರವನ್ನಷ್ಟೇ ಕೊಳ್ಳುತ್ತಾರೆ. ಅದು ತಪ್ಪಲ್ಲ, ಆದರೆ ಅದರ ಮಿತಿಯನ್ನು ಅರಿಯಲು ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೀನ್ ಪ್ರಕರಣವನ್ನು ಓದಲೇಬೇಕು.

2023ರ ಫೆಬ್ರುವರಿ 3ರ ರಾತ್ರಿ ನಾರ್ಫೋಕ್ ಸದರ್ನ್ ಕಂಪನಿಯ ಸರಕು ರೈಲಿನ 38 ವ್ಯಾಗನ್‌ಗಳು ಆ ಊರಿನಲ್ಲಿ ಹಳಿ ತಪ್ಪಿದವು. ಅವುಗಳಲ್ಲಿ 11 ಟ್ಯಾಂಕರ್‌ಗಳಲ್ಲಿ ಅಪಾಯಕಾರಿ ರಾಸಾಯನಿಕಗಳಿದ್ದವು. ಕಾರಣ, ಒಂದು ವ್ಯಾಗನ್ನಿನ ಒಂದು ಬೇರಿಂಗ್. ಆ ಮಾರ್ಗದಲ್ಲಿ ಶಾಖಮಾಪಕಗಳು ಇರಲಿಲ್ಲ ಎನ್ನುವಂತಿಲ್ಲ. ಸೆಬ್ರಿಂಗ್ ಎಂಬಲ್ಲಿ ಬೇರಿಂಗ್ ಸುತ್ತಲಿನ ಗಾಳಿಗಿಂತ 38 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿಯಾಗಿತ್ತು. ಸುಮಾರು 16 ಕಿ.ಮೀ. ಮುಂದೆ ಸೇಲಂ ಎಂಬಲ್ಲಿ 103 ಡಿಗ್ರಿ ಹೆಚ್ಚು. ಮತ್ತೆ ಸುಮಾರು 32 ಕಿ.ಮೀ. ದಾಟಿ ಈಸ್ಟ್ ಪ್ಯಾಲೆಸ್ಟೀನ್ ತಲುಪುವಾಗ 253 ಡಿಗ್ರಿ ಹೆಚ್ಚು. ರೈಲು ನಿಲ್ಲಿಸಿ ಪರೀಕ್ಷಿಸಲು ಕಂಪನಿ ಇಟ್ಟುಕೊಂಡಿದ್ದ ಮಿತಿ 170 ಡಿಗ್ರಿ. ಹೀಗಾಗಿ ಎರಡನೆಯ ಯಂತ್ರ ದಾಖಲಿಸಿದ್ದು ನಿಯಮದ ಪ್ರಕಾರ ರೈಲು ನಿಲ್ಲಿಸುವಷ್ಟು ಗಂಭೀರವಾಗಿರಲಿಲ್ಲ, ಮೂರನೆಯ ಯಂತ್ರ ಕೂಗುವಷ್ಟರಲ್ಲಿ ಅಚ್ಚು ಕೈಬಿಟ್ಟಿತ್ತು. ಮೂರು ದಿನಗಳ ನಂತರ ಟ್ಯಾಂಕರ್‌ಗಳಲ್ಲಿದ್ದ ವಿನೈಲ್ ಕ್ಲೋರೈಡನ್ನು ಹೊರಬಿಟ್ಟು ಸುಡಲಾಯಿತು. ಹಾಗೆ ಸುಡುವ ಅಗತ್ಯವೇ ಇರಲಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2024ರ ಜೂನ್‌ನಲ್ಲಿ ತೀರ್ಮಾನಿಸಿತು.

ಇದರಿಂದ ಯೋಜನೆಗೆ ಎತ್ತಿಕೊಳ್ಳಬೇಕಾದ ಅಂಶಗಳು ಹಲವಿವೆ. ಗಂಟೆಗೆ 75 ಕಿ.ಮೀ. ವೇಗದಲ್ಲಿ 32 ಕಿ.ಮೀ. ದಾಟಲು ಸುಮಾರು 26 ನಿಮಿಷ ಬೇಕು. ಕೆಟ್ಟ ಬೇರಿಂಗಿಗೆ ಉರಿದುಹೋಗಲು ಅಷ್ಟು ಸಾಕು. ಆದ್ದರಿಂದ ಯಂತ್ರಗಳ ನಡುವಿನ ಅಂತರವನ್ನು ಕಿಲೋಮೀಟರ್‌ಗಿಂತ ನಿಮಿಷಗಳಲ್ಲಿ ಯೋಚಿಸುವುದು ಲೇಸು. ಎರಡನೆಯದಾಗಿ, ಒಂದು ಯಂತ್ರದ ಒಂದು ಅಂಕಿಗಿಂತ ಒಂದೇ ಬೇರಿಂಗ್ ಯಂತ್ರದಿಂದ ಯಂತ್ರಕ್ಕೆ ಎಷ್ಟು ಏರಿತು ಎಂಬ ಏರಿಕೆಯೇ ಹೆಚ್ಚು ಮಾತನಾಡುತ್ತದೆ. 38ರಿಂದ 103ಕ್ಕೆ ಏರಿದ್ದನ್ನು ನೋಡಿದ ಯಾವ ಅನುಭವಿ ವ್ಯಾಗನ್ ಪರೀಕ್ಷಕನೂ ರೈಲನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಖರೀದಿಯ ಷರತ್ತಿನಲ್ಲಿ ಎಲ್ಲ ಯಂತ್ರಗಳ ದತ್ತಾಂಶ ಒಂದೇ ಕಡೆ ಸೇರಿ, ವ್ಯಾಗನ್ ಸಂಖ್ಯೆಯ ಪ್ರಕಾರ ಜೋಡಣೆಯಾಗಿ, ಏರಿಕೆಯ ಎಚ್ಚರಿಕೆ ತಾನಾಗಿ ಹೊಮ್ಮಬೇಕೆಂದು ಬರೆಸದಿದ್ದರೆ ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಮಾತನಾಡದೆ ಉಳಿಯುತ್ತವೆ.

ಯಂತ್ರದ ಸ್ಥಳವನ್ನು ಆರಿಸುವಾಗ ಅದರ ಮುಂದಿರುವ ನಿಲ್ದಾಣವನ್ನು ನೋಡಬೇಕು. ಎಚ್ಚರಿಕೆ ಬಂದ ನಂತರ ರೈಲು ಮೆಲ್ಲಗೆ ಸಾಗಿ ತಲುಪಬಹುದಾದ, ಇಡೀ ರೇಕ್ (ಒಂದು ರೈಲಿನ ಪೂರ್ತಿ ವ್ಯಾಗನ್ ಸಾಲು) ಹಿಡಿಸುವ ಲೂಪ್ ಲೈನ್ (ಮುಖ್ಯ ಮಾರ್ಗದಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ), ವ್ಯಾಗನ್ ಬಿಡಿಸಿ ನಿಲ್ಲಿಸಲು ಸೈಡಿಂಗ್, ರಾತ್ರಿಯಲ್ಲಿ ಪರೀಕ್ಷಿಸಲು ಬೆಳಕು, ಇವೆಲ್ಲ ಇಲ್ಲದಿದ್ದರೆ ಪ್ರತಿ ಎಚ್ಚರಿಕೆಯೂ ಮುಖ್ಯ ಮಾರ್ಗವನ್ನು ಗಂಟೆಗಟ್ಟಲೆ ಕಟ್ಟಿಹಾಕುತ್ತದೆ. ಹಾಗಾದಾಗ ನಿಯಂತ್ರಣ ಕೊಠಡಿಯಿಂದ ‘ಮುಂದಿನ ಸ್ಟೇಷನ್‌ನಲ್ಲಿ ನೋಡಿದರಾಯಿತು’ ಎಂಬ ಮಾತು ಬರಲು ತಡವಾಗುವುದಿಲ್ಲ. ಯಂತ್ರದ ಬೆಲೆಯಲ್ಲಿ ಲೂಪ್ ಲೈನಿನ ಬೆಲೆಯನ್ನೂ ಸೇರಿಸಿಯೇ ಅಂದಾಜು ಪಟ್ಟಿ ತಯಾರಾಗಬೇಕು.

ಗಾಲಿಯ ಏಟಿನ ಯಂತ್ರಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಬ್ರೇಕ್ ಹಿಡಿದುಕೊಂಡು ಗಾಲಿ ಉರುಳದೆ ಜಾರಿದಾಗ ಅದರ ಒಂದು ಭಾಗ ಚಪ್ಪಟೆಯಾಗುತ್ತದೆ. ನಮ್ಮ ನಿಯಮದಂತೆ ಸರಕು ವ್ಯಾಗನ್ನಿನಲ್ಲಿ 60 ಮಿ.ಮೀ. ಮೀರಿದ ಚಪ್ಪಟೆ ಭಾಗ ಇರುವಂತಿಲ್ಲ. ಅಂತಹ ಗಾಲಿ ಪ್ರತಿ ಸುತ್ತಿನಲ್ಲೂ ಹಳಿಯನ್ನು ಬಡಿಯುತ್ತಾ ನೂರಾರು ಕಿ.ಮೀ. ಸಾಗುತ್ತದೆ. ಆ ವ್ಯಾಗನ್ ನಿಮ್ಮ ವಿಭಾಗದ ಗಡಿ ದಾಟಿದರೆ ತೊಂದರೆ ಬೇರೆಯವರದು ಎಂಬ ಮನೋಭಾವ ಇರುವವರೆಗೆ ಯಂತ್ರದಿಂದ ಪ್ರಯೋಜನವಿಲ್ಲ. ವಿಭಾಗಗಳ ಗಡಿಯ ಯಾರ್ಡ್‌ಗಳಲ್ಲೇ ಈ ಯಂತ್ರಗಳನ್ನು ಇಡಬೇಕೆಂಬುದು ನನ್ನ ಸಲಹೆ.

ಓಡುವ ರೈಲಿಗಿಂತ ನಿಂತ ರೈಲಿಗೆ

ಸುರಕ್ಷತೆಯ ಬಜೆಟ್‌ನಲ್ಲಿ ನಿಂತ ರೈಲಿಗೆ ಒಂದು ಸಾಲೂ ಇರುವುದಿಲ್ಲ. 2013ರ ಜುಲೈ 6ರಂದು ಕೆನಡಾದ ಲಾಕ್–ಮೆಗಾಂಟಿಕ್ ಪಟ್ಟಣದಲ್ಲಿ 47 ಜನ ಸತ್ತದ್ದು ಚಾಲಕನಿಲ್ಲದ ರೈಲಿನಿಂದ. ಕಚ್ಚಾ ತೈಲದ 72 ಟ್ಯಾಂಕರ್‌ಗಳನ್ನು ಎಳೆದುತಂದ ರೈಲನ್ನು ಮೇಲಿನ ಇಳಿಜಾರಿನಲ್ಲಿ ನಿಲ್ಲಿಸಿ ಚಾಲಕ ವಿಶ್ರಾಂತಿಗೆ ಹೋಗಿದ್ದ. ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡು ಅದನ್ನು ಆರಿಸುವಾಗ ಎಂಜಿನ್ ಬಂದ್ ಮಾಡಲಾಯಿತು. ಗಾಳಿಯ ಒತ್ತಡ ನಿಧಾನವಾಗಿ ಇಳಿಯಿತು. ಹಾಕಿದ್ದ 7 ಹ್ಯಾಂಡ್ ಬ್ರೇಕ್‌ಗಳು ಅಷ್ಟು ತೂಕವನ್ನು ತಡೆಯಲಿಲ್ಲ. ನಮ್ಮಲ್ಲೂ 2024ರ ಫೆಬ್ರುವರಿ 25ರಂದು ಜಮ್ಮುವಿನ ಕಠುವಾ ನಿಲ್ದಾಣದಲ್ಲಿ ನಿಂತಿದ್ದ, ಜಲ್ಲಿ ತುಂಬಿದ 53 ವ್ಯಾಗನ್‌ಗಳ ರೈಲು ಚಾಲಕನಿಲ್ಲದೆ ಹೊರಟು 70 ಕಿ.ಮೀ.ಗೂ ಹೆಚ್ಚು ದೂರ ಉರುಳಿತು. ಪಂಜಾಬಿನ ಊಂಚಿ ಬಸ್ಸಿ ಬಳಿ ಅಡೆತಡೆ ಇಟ್ಟು ನಿಲ್ಲಿಸಿದರು. ಯಾರಿಗೂ ಗಾಯವಾಗದಿದ್ದುದರಿಂದ ಅದು ಮೊಬೈಲ್ ವಿಡಿಯೊ ಆಗಿ ಹರಿದಾಡಿ ಮರೆತುಹೋಯಿತು.

ನಮ್ಮ ಗೂಡ್ಸ್ ರೈಲಿನ ಬ್ರೇಕ್ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರುತ್ತದೆ; ಒತ್ತಡ ತಟ್ಟನೆ ಇಳಿದಾಗ ಬ್ರೇಕ್ ಹಿಡಿಯುತ್ತದೆ. ಆದರೆ ಹಿಡಿದ ಬ್ರೇಕನ್ನು ಒತ್ತಿಟ್ಟುಕೊಂಡಿರುವುದೂ ಗಾಳಿಯೇ ಆದ್ದರಿಂದ, ಗಂಟೆಗಳು ಕಳೆದಂತೆ ಸೋರಿಕೆಯಿಂದ ಅದು ಸಡಿಲವಾಗುತ್ತದೆ. ಆಗ ಉಳಿಯುವುದು ಕೈಯಿಂದ ತಿರುಗಿಸಿದ ಹ್ಯಾಂಡ್ ಬ್ರೇಕ್, ಗಾಲಿಯಡಿ ಇಟ್ಟ ಮರದ ದಿಮ್ಮಿ, ಹಳಿಗೆ ಕಟ್ಟಿದ ಸರಪಳಿ. ಇಲ್ಲಿ ಹೂಡಿಕೆ ಎಂದರೆ ಕೋಟಿಗಳ ಮಾತಲ್ಲ. ಯಾರ್ಡ್‌ನ ಇಳಿಜಾರನ್ನು ಮರು ಅಳತೆ ಮಾಡಿಸುವುದು, ರೇಕ್ ನಿಲ್ಲಿಸುವ ಪ್ರತಿ ಲೂಪಿನ ತುದಿಯಲ್ಲಿ ತಪ್ಪಿಸಿಕೊಂಡ ವ್ಯಾಗನ್ನನ್ನು ಮುಖ್ಯ ಮಾರ್ಗಕ್ಕೆ ಬಿಡದ ಡಿರೇಲಿಂಗ್ ಸ್ವಿಚ್ ಅಥವಾ ಪ್ರತ್ಯೇಕ ಸೈಡಿಂಗ್ ಕಟ್ಟುವುದು, ತುಕ್ಕು ಹಿಡಿದು ತಿರುಗದ ಹ್ಯಾಂಡ್ ಬ್ರೇಕ್ ಚಕ್ರಗಳನ್ನು ದುರಸ್ತಿ ಮಾಡಿಸುವುದು, ಮತ್ತು ಹಾಕಿದ ಬ್ರೇಕುಗಳ ಸಂಖ್ಯೆ ಬರೆದು ಇಬ್ಬರು ಸಹಿ ಹಾಕದ ಹೊರತು ಸಿಬ್ಬಂದಿ ಎಂಜಿನ್ ಬಿಟ್ಟು ಇಳಿಯಬಾರದೆಂಬ ನಿಯಮ. ಇಷ್ಟು ಅಗ್ಗದ ರಕ್ಷಣೆ ಬೇರೆಲ್ಲೂ ಸಿಗುವುದಿಲ್ಲ.

ಕವಚ ಮತ್ತು ಅದು ಕೇಳುವ ಪೂರ್ವಸಿದ್ಧತೆ

ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ರೂಪಿಸಿದ, ಚಾಲಕ ಸಿಗ್ನಲ್ ಮೀರಿದರೆ ರೈಲನ್ನು ತಾನಾಗಿ ತಡೆಯುವ ‘ಕವಚ್’ ವ್ಯವಸ್ಥೆಯ ಆರಂಭಿಕ ಪ್ರಯೋಗಗಳು ನಡೆದದ್ದು ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ. ಎಂದರೆ ಕಲಬುರಗಿ ಮತ್ತು ಬೀದರ್ ಜಿಲ್ಲೆಗಳ ಹಳಿಗಳೂ ಆ ಪ್ರಯೋಗದ ಭಾಗವಾಗಿದ್ದವು. 2020ರಲ್ಲಿ ಇದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಲಾಯಿತು. 2024ರ ಜುಲೈನಲ್ಲಿ 4.0 ಆವೃತ್ತಿಗೆ ಒಪ್ಪಿಗೆ ಸಿಕ್ಕಿತು. ಸ್ಲೀಪರ್ ಮೇಲಿನ ಆರ್‌ಎಫ್‌ಐಡಿ ಟ್ಯಾಗ್‌ಗಳಿಂದ ಎಂಜಿನ್ ತನ್ನ ಸ್ಥಾನವನ್ನು ತಿಳಿದುಕೊಳ್ಳುತ್ತದೆ, ರೇಡಿಯೊ ಮೂಲಕ ಸಿಗ್ನಲ್ಲಿನ ಸ್ಥಿತಿ ಬರುತ್ತದೆ, ಚಾಲಕ ನಿಧಾನಿಸದಿದ್ದರೆ ಬ್ರೇಕ್ ತಾನೇ ಬೀಳುತ್ತದೆ.

ಹಣದ ಲೆಕ್ಕದಲ್ಲಿ ಸರಕು ಮಾರ್ಗಗಳಿಗೆ ಒಂದು ವಿಶೇಷ ತೊಡಕಿದೆ. ರೈಲ್ವೆ ಸಚಿವಾಲಯ ಸಂಸತ್ತಿಗೆ ತಿಳಿಸಿದಂತೆ ನಿಲ್ದಾಣ ಮತ್ತು ಹಳಿಬದಿಯ ಸಾಧನಗಳಿಗೆ ಕಿಲೋಮೀಟರಿಗೆ ಸುಮಾರು 50 ಲಕ್ಷ ರೂಪಾಯಿ, ಪ್ರತಿ ಎಂಜಿನ್ನಿಗೆ ಸುಮಾರು 80 ಲಕ್ಷ ರೂಪಾಯಿ ತಗಲುತ್ತದೆ. 100 ಕಿ.ಮೀ. ಮಾರ್ಗಕ್ಕೆ 50 ಕೋಟಿ ಎಂದು ಬರೆದು ಮುಗಿಸುವಂತಿಲ್ಲ, ಏಕೆಂದರೆ ಸರಕಿನ ಎಂಜಿನ್‌ಗಳು ಒಂದು ಮಾರ್ಗಕ್ಕೆ ಕಟ್ಟುಬಿದ್ದಿರುವುದಿಲ್ಲ. ಇಂದು ತೋರಣಗಲ್ಲಿನಲ್ಲಿ ಕಂಡ ಎಂಜಿನ್ ವಾರದೊಳಗೆ ಇನ್ನೊಂದು ವಲಯದಲ್ಲಿರಬಹುದು. ಹಳಿಗೆ ಕವಚ ಬಂದು ಎಂಜಿನ್‌ಗೆ ಬಾರದಿದ್ದರೆ ಆ ರೈಲಿನ ಮಟ್ಟಿಗೆ ಮಾರ್ಗ ಹಿಂದಿನಂತೆಯೇ ಉಳಿಯುತ್ತದೆ. ಆದ್ದರಿಂದ ಎಂಜಿನ್ ಶೆಡ್‌ಗಳ ಪಟ್ಟಿಯನ್ನು ತರಿಸಿ, ನಿಮ್ಮ ಮಾರ್ಗಕ್ಕೆ ಹೆಚ್ಚಾಗಿ ಬರುವ ಶೆಡ್‌ಗಳಿಗೆ ಮೊದಲು ಹಣ ಸಿಗುವಂತೆ ನೋಡಿಕೊಳ್ಳಬೇಕು. ಅಮೆರಿಕ 2008ರಲ್ಲಿ ಕಾನೂನು ಮಾಡಿ 2020ರ ಕೊನೆಯಲ್ಲಿ ಮುಗಿಸಿದ ಇದೇ ಬಗೆಯ ವ್ಯವಸ್ಥೆಗೆ ಅಷ್ಟು ವರ್ಷ ಹಿಡಿದದ್ದಕ್ಕೆ, ಒಂದು ಕಂಪನಿಯ ಎಂಜಿನ್ ಇನ್ನೊಂದರ ಹಳಿಯಲ್ಲೂ ಕೆಲಸ ಮಾಡಬೇಕೆಂಬ ಅಗತ್ಯವೂ ಒಂದು ಕಾರಣ.

2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಬಳಿ ಕಂಟೇನರ್ ರೈಲು ಕಾಂಚನಜುಂಗಾ ಎಕ್ಸ್‌ಪ್ರೆಸ್‌ನ ಹಿಂಬದಿಗೆ ಗುದ್ದಿದಾಗ ಆ ಮಾರ್ಗದಲ್ಲಿ ಸ್ವಯಂಚಾಲಿತ ಸಿಗ್ನಲ್‌ಗಳು ಕೆಟ್ಟಿದ್ದವು, ಚಾಲಕರಿಗೆ ಕಾಗದದ ಅನುಮತಿ ಕೊಟ್ಟು ರೈಲುಗಳನ್ನು ಬಿಡಲಾಗುತ್ತಿತ್ತು. ವ್ಯವಸ್ಥೆ ಕೆಟ್ಟ ದಿನ ಏನು ಮಾಡಬೇಕೆಂಬ ತರಬೇತಿಗೆ ಮೀಸಲಿಡುವ ಹಣವೂ ಹೊಸ ತಂತ್ರಜ್ಞಾನದ ಖರ್ಚಿನ ಭಾಗವೇ. 2023ರ ಜೂನ್ 2ರ, ಒಡಿಶಾದ ಬಹಾನಗಾ ಬಜಾರ್ ದುರಂತ ಇನ್ನೊಂದು ಬಗೆಯದು. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಮಾರ್ಗದ ಹಸಿರು ಸಿಗ್ನಲ್ ಇದ್ದರೂ ಪಾಯಿಂಟ್ ಅದನ್ನು ಲೂಪ್ ಲೈನ್‌ಗೆ ತಿರುಗಿಸಿತು, ಅಲ್ಲಿ ಅದಿರಿನ ರೈಲು ನಿಂತಿತ್ತು. ಸಿಗ್ನಲ್ ಮಂಡಲದ ತಂತಿಗಳನ್ನು ಬದಲಿಸಿದ ಕೆಲಸದಲ್ಲಿ ಆದ ತಪ್ಪು ಅದಕ್ಕೆ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಕವಚ್ ತನ್ನ ಮಾಹಿತಿಯನ್ನು ಪಡೆಯುವುದು ನಿಲ್ದಾಣದ ಇಂಟರ್‌ಲಾಕಿಂಗ್‌ನಿಂದಲೇ (ಸಿಗ್ನಲ್ ಮತ್ತು ಪಾಯಿಂಟ್ ಒಂದಕ್ಕೊಂದು ತಾಳೆಯಾಗುವಂತೆ ಬಂಧಿಸುವ ವ್ಯವಸ್ಥೆ). ಇಂಟರ್‌ಲಾಕಿಂಗ್ ಸುಳ್ಳು ಹೇಳಿದರೆ ಕವಚ್ ಕೂಡ ಆ ಸುಳ್ಳನ್ನೇ ನಂಬುತ್ತದೆ. ರಿಲೇ ಕೊಠಡಿಗೆ ಜೋಡಿ ಬೀಗ, ತಂತಿ ಮುಟ್ಟಿದ ಪ್ರತಿ ಸಲವೂ ಪಾಯಿಂಟಿನ ನಿಜಸ್ಥಿತಿ ಮತ್ತು ಫಲಕದ ಸೂಚನೆಯನ್ನು ತಾಳೆ ನೋಡುವ ಪರೀಕ್ಷೆ, ನವೀಕರಿಸಿದ ನಕ್ಷೆ, ಇವು ಮುಗಿದ ನಿಲ್ದಾಣಗಳಿಗೆ ಮಾತ್ರ ಕವಚದ ಗುತ್ತಿಗೆ ಕೊಡಬೇಕು.

ನಮ್ಮ ಘಾಟಿನಲ್ಲಿ ಹೇಗೆ

ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಂವರೆಗಿನ ಸುಮಾರು 26 ಕಿ.ಮೀ. ಬ್ರಗಾಂಝಾ ಘಾಟಿನ ಇಳಿಜಾರು 37ಕ್ಕೆ 1. ಮೊರ್ಮುಗಾವೊ ಬಂದರಿನಿಂದ ಕಲ್ಲಿದ್ದಲು ಹೊತ್ತು ಹೊಸಪೇಟೆ ಕಡೆಗೆ ಬರುವ ರೈಲುಗಳು ಹಿಂಬದಿಯಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳ ಒತ್ತಾಸೆಯಿಂದ ಇದನ್ನು ಹತ್ತುತ್ತವೆ. ಈ ಇಳಿಜಾರಿನಲ್ಲಿ ಪ್ರತಿ 1000 ಟನ್ ತೂಕವನ್ನು ಸುಮಾರು 27 ಟನ್ ಬಲ ಕೆಳಕ್ಕೆ ಎಳೆಯುತ್ತಿರುತ್ತದೆ. 2024ರ ಆಗಸ್ಟ್ 9ರಂದು ಸೋನಾಲಿಂ ಮತ್ತು ದೂಧ್‌ಸಾಗರ್ ನಿಲ್ದಾಣಗಳ ನಡುವೆ ಗೂಡ್ಸ್ ರೈಲಿನ 17 ವ್ಯಾಗನ್‌ಗಳು ಹಳಿ ತಪ್ಪಿ ಮಾರ್ಗ ಬಂದಾಯಿತು. ಇಲ್ಲಿ ಜೋಡಿ ಮಾರ್ಗ ಹಾಕುವ ಯೋಜನೆ ಪಶ್ಚಿಮ ಘಟ್ಟದ ಅರಣ್ಯದ ಪ್ರಶ್ನೆಯಿಂದಾಗಿ ಸುಪ್ರೀಂ ಕೋರ್ಟ್ ತಲುಪಿ, ವನ್ಯಜೀವಿ ಮಂಡಳಿ ನೀಡಿದ್ದ ಒಪ್ಪಿಗೆ 2022ರ ಮೇ ತಿಂಗಳಲ್ಲಿ ರದ್ದಾಯಿತು. ಎಂದರೆ ಸುರಕ್ಷತೆಯ ಹಣವೆಲ್ಲ ಇರುವ ಒಂದೇ ಹಳಿಯ ಮೇಲೆ ವ್ಯಯವಾಗಬೇಕು.

ಇಂತಹ ಮಾರ್ಗಕ್ಕೆ ನಾನು ಬರೆಯುವ ಪ್ರಸ್ತಾವದಲ್ಲಿ ಶಾಖಮಾಪಕ ಮತ್ತು ಗಾಲಿಯ ಏಟಿನ ಯಂತ್ರ ಘಾಟಿನ ಎರಡೂ ತುದಿಗಳಿಗೆ ಮೊದಲೇ ಬರುತ್ತವೆ, ಏಕೆಂದರೆ ಸುರಂಗ ಮತ್ತು ಸೇತುವೆಗಳ ನಡುವೆ ವ್ಯಾಗನ್ ಬಿಡಿಸಲು ಜಾಗವಿಲ್ಲ. ತಿರುವುಗಳಿಗೆ ಮೇಲ್ಮೈ ಗಟ್ಟಿಗೊಳಿಸಿದ ಹಳಿ ಮತ್ತು ಹಳಿಯ ಒಳಬದಿಗೆ ಗ್ರೀಸ್ ಹಚ್ಚುವ ಸಾಧನ ಬೇಕು. ಇಳಿಯುವ ರೈಲಿಗೆ ಎಂಜಿನ್ನಿನ ಮೋಟಾರುಗಳನ್ನೇ ಬ್ರೇಕಾಗಿ ಬಳಸುವ ವ್ಯವಸ್ಥೆ ಸರಿಯಾಗಿದೆಯೇ ಎಂಬ ಪರೀಕ್ಷೆ ಕ್ಯಾಸಲ್‌ರಾಕ್‌ನಲ್ಲೇ ಮುಗಿಯಬೇಕು. ಹಿಡಿತ ತಪ್ಪಿದ ರೈಲನ್ನು ಏರಿನ ಮೇಲೆ ಹತ್ತಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್‌ಗಳನ್ನು ವರ್ಷವಿಡೀ ಬಳಕೆಗೆ ಸಿದ್ಧವಾಗಿಡಬೇಕು. ಮಳೆಗಾಲಕ್ಕೆ ಪ್ರತ್ಯೇಕ ತಲೆಬರಹ ಕೊಡಬೇಕು. ಸುಮಾರು 55 ಕಿ.ಮೀ. ಉದ್ದದ, 57 ಸುರಂಗಗಳಿರುವ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿನಲ್ಲಿ 2024ರ ಜುಲೈನಲ್ಲಿ ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಸಂಚಾರ ಹಲವು ದಿನ ನಿಂತಿತು. ಗುಡ್ಡದ ಮೇಲಿನ ಚರಂಡಿ ಹೂಳೆತ್ತುವುದು, ಬಂಡೆಗಳಿಗೆ ಉಕ್ಕಿನ ಬಲೆ, ಪ್ರತಿ ಕೆಲವು ಕಿ.ಮೀ.ಗೆ ಮಳೆಮಾಪಕ, ಇಳಿಜಾರಿನ ಚಲನೆ ಅಳೆಯುವ ಸಾಧನ, ಮತ್ತು ಇಷ್ಟು ಗಂಟೆಯಲ್ಲಿ ಇಷ್ಟು ಮಳೆ ಬಿದ್ದರೆ ರೈಲು ಬಿಡುವುದಿಲ್ಲ ಎಂಬ ಲಿಖಿತ ಮಿತಿ, ಇವುಗಳಲ್ಲಿ ಕೊನೆಯದಕ್ಕೆ ಖರ್ಚಿಲ್ಲ, ಆದರೆ ಅದನ್ನು ಜಾರಿಗೊಳಿಸುವುದೇ ಎಲ್ಲಕ್ಕಿಂತ ಕಷ್ಟ.

ಖಾಸಗಿ ಸೈಡಿಂಗ್‌ನವರಿಗೆ ಮತ್ತು ಗುತ್ತಿಗೆ ಬರೆಯುವವರಿಗೆ

ಮುಖ್ಯ ಮಾರ್ಗದ ಅಪಾಯ ಎಷ್ಟೋ ಸಲ ಹುಟ್ಟುವುದು ಲೋಡಿಂಗ್ ಸೈಡಿಂಗ್‌ನಲ್ಲಿ. ಪೇಲೋಡರ್‌ನಿಂದ ಒಂದೇ ಬದಿಗೆ ಸುರಿದ ಅದಿರು, ಕೊಂಡಿ ಹಾಕದ ಬಾಗಿಲು, ತೊಟ್ಟಿಲಲ್ಲಿ ಭದ್ರವಾಗಿ ಕೂರಿಸದ ಉಕ್ಕಿನ ಕಾಯಿಲ್ ನೂರಾರು ಕಿ.ಮೀ. ದೂರದ ತಿರುವಿನಲ್ಲಿ ವ್ಯಾಗನ್ನನ್ನು ಉರುಳಿಸಬಹುದು. ಓಡುತ್ತಿರುವಾಗಲೇ ತೂಗುವ ತೂಕದ ಯಂತ್ರ ಕೊಳ್ಳುವಾಗ ಒಟ್ಟು ತೂಕದ ಜೊತೆಗೆ ಎಡಬಲದ ವ್ಯತ್ಯಾಸವನ್ನೂ ತೋರಿಸುವಂಥದ್ದನ್ನು ಆರಿಸಬೇಕು, ಮತ್ತು ಹೆಚ್ಚಾದುದನ್ನು ಇಳಿಸಲು ಅದರ ಪಕ್ಕದಲ್ಲೇ ಜಾಗ ಇಟ್ಟುಕೊಳ್ಳಬೇಕು. ಸೈಡಿಂಗ್‌ನ ಹಳಿಯಲ್ಲಿ ನಿಧಾನ ವೇಗ ಎಂಬ ನೆಪದಿಂದ ಕೊಳೆತ ಸ್ಲೀಪರ್‌ಗಳನ್ನು ಉಳಿಸಿಕೊಳ್ಳಬಾರದು. ಅಲ್ಲಿ ಇಳಿದುಬಿದ್ದು ಮತ್ತೆ ಹಳಿಗೇರಿಸಿದ ಗಾಲಿಯನ್ನು ಪೂರ್ಣ ಪರೀಕ್ಷೆ ಮಾಡದೆ ಮುಖ್ಯ ಮಾರ್ಗಕ್ಕೆ ಕಳಿಸುವುದು ಅಪರಾಧಕ್ಕೆ ಸಮಾನ.

ಯಾವುದೇ ಉಪಕರಣದ ಗುತ್ತಿಗೆಯಲ್ಲಿ ಬೆಲೆಯ ಜೊತೆ ಹತ್ತು ವರ್ಷಗಳ ನಿರ್ವಹಣೆ, ಬಿಡಿಭಾಗಗಳ ದಾಸ್ತಾನು ಎಲ್ಲಿರಬೇಕು, ಕೆಟ್ಟ ಯಂತ್ರ ಎಷ್ಟು ಗಂಟೆಯಲ್ಲಿ ಸರಿಯಾಗಬೇಕು, ಅಲ್ಲಿಯವರೆಗೆ ಆ ಜಾಗದಲ್ಲಿ ಯಾವ ವೇಗಮಿತಿ ಜಾರಿಯಲ್ಲಿರಬೇಕು ಎಂಬುದನ್ನು ಸೇರಿಸಬೇಕು. ಸುಳ್ಳು ಎಚ್ಚರಿಕೆಗಳ ಲೆಕ್ಕವನ್ನು ಪ್ರತಿ ತಿಂಗಳು ತರಿಸಿಕೊಳ್ಳಬೇಕು, ಏಕೆಂದರೆ ಹತ್ತು ಸಲ ಸುಮ್ಮನೆ ಕೂಗಿದ ಯಂತ್ರವನ್ನು ಹನ್ನೊಂದನೆಯ ಸಲ ಯಾರೂ ನಂಬುವುದಿಲ್ಲ. ಎಚ್ಚರಿಕೆ ಬಂದಾಗ ರೈಲು ನಿಲ್ಲಿಸಿದ ಸ್ಟೇಷನ್ ಮಾಸ್ತರ ಅಥವಾ ಲೋಕೋ ಪೈಲಟ್‌ಗೆ, ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ, ವಿಳಂಬದ ಕಾರಣ ಕೇಳಿ ನೋಟಿಸ್ ಹೋಗುವುದಿಲ್ಲವೆಂಬ ಸುತ್ತೋಲೆಯನ್ನು ಯಂತ್ರ ಚಾಲನೆಗೆ ಬರುವ ದಿನವೇ ಹೊರಡಿಸಬೇಕು.